ಕೊಂಡು ತಂದ ರಾಕೆಟ್ಟಿಗಿಂತ ಮಡಿಚಿ ಮಾಡಿದ ವಿಕ್ರಮ್ ಮೇಲು

ಆಗಸ್ಟ್ 23 ಬಂತೆಂದರೆ ಈಗ ಶಾಲೆಗಳಲ್ಲಿ ಹಬ್ಬದ ವಾತಾವರಣ. 2023ರ ಆ ದಿನ ಸಂಜೆ 6 ಗಂಟೆ 4 ನಿಮಿಷಕ್ಕೆ ನಮ್ಮ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವಕ್ಕೆ ಸಮೀಪದ ನೆಲದ ಮೇಲೆ ಇಳಿಯಿತು. ಅದರ ನೆನಪಿಗೆ ಆ ದಿನವನ್ನು ರಾಷ್ಟ್ರೀಯ ಬಾಹ್ಯಾಕಾಶ ದಿನವೆಂದು ಆಚರಿಸುತ್ತಿದ್ದೇವೆ. ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಲ್ಲೂ ಪ್ರಸಾದ ನಿಲಯಗಳಲ್ಲೂ ವಿಜ್ಞಾನ ವಸ್ತುಪ್ರದರ್ಶನ ಏರ್ಪಡುತ್ತದೆ. ಇದು ಸಂತೋಷದ ಮಾತು. ಆದರೆ ಆ ಮೇಜುಗಳ ಮೇಲೆ ಇರುವ ವಸ್ತುವನ್ನು ಯಾರ ಕೈ ಮಾಡಿತು ಎಂಬ ಪ್ರಶ್ನೆಯನ್ನು ನಾವು ಕೇಳುತ್ತಿಲ್ಲ. ಶರಣ ಬಂಧುಗಳ ಮುಂದೆ ಆ ಪ್ರಶ್ನೆಯನ್ನು ಇಡುವುದೇ ಈ ಲೇಖನದ ಉದ್ದೇಶ.

ನಾನು ಸರ್ಕಾರಿ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಶಾಲೆಗಳವರು ಆಗಾಗ ತೀರ್ಪುಗಾರನಾಗಿ ಕರೆಯುತ್ತಾರೆ. ಒಂದು ಶಾಲೆಯಲ್ಲಿ ಸಾಲಾಗಿ ಐದು ವಿಕ್ರಮ್‌ಗಳು ನಿಂತಿದ್ದವು. ಐದೂ ಒಂದೇ ಅಳತೆ, ಒಂದೇ ಬಣ್ಣ. ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಯಿಂದ ತೆಗೆದು ಅಂಟಿಸಿದವು. ಒಂದರ ಬುಡದಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಆರನೆಯದನ್ನು ಒಬ್ಬ ಹುಡುಗಿ ಮದುವೆ ಆಮಂತ್ರಣ ಪತ್ರಿಕೆಗಳ ದಪ್ಪ ಕಾಗದದಲ್ಲಿ ಮಡಿಚಿ ಮಾಡಿದ್ದಳು. ಒಂದು ಕಾಲು ಸ್ವಲ್ಪ ಸೊಟ್ಟಗಿತ್ತು. ಆದರೆ ಲ್ಯಾಂಡರಿನ ಉದ್ದ ಎಷ್ಟು, ಎತ್ತರ ಎಷ್ಟು, ತನ್ನದು ಅದರ ಎಷ್ಟನೇ ಒಂದು ಭಾಗ ಎಂದು ಕೇಳಿದಾಗ ಉತ್ತರ ಹೇಳಿದವಳು ಅವಳೊಬ್ಬಳೇ. ಮೊದಲ ಬಹುಮಾನ ಮಿನುಗುವ ದೀಪಕ್ಕೆ ಹೋಯಿತು. ಮೂವರು ತೀರ್ಪುಗಾರರಲ್ಲಿ ನನ್ನದು ಒಂದೇ ಮತ.

ಇದು ಒಂದು ಶಾಲೆಯ ದೂರಲ್ಲ. ಎಲ್ಲ ಕಡೆಯೂ ಹೀಗೇ ನಡೆಯುತ್ತಿದೆ. ಹಣವಿದ್ದ ಮನೆಯ ಮಗು ಪೆಟ್ಟಿಗೆ ಕೊಳ್ಳುತ್ತದೆ, ಇಲ್ಲದ ಮನೆಯ ಮಗು ಚಪ್ಪಾಳೆ ತಟ್ಟುತ್ತದೆ. ಇಬ್ಬರೂ ಕಲಿಯುವುದು ಕಡಿಮೆ. ನನ್ನ ವಾದ ಇಷ್ಟೇ: ಬಾಹ್ಯಾಕಾಶ ನೌಕೆಗಳ ಮಾದರಿಯನ್ನು ಮಕ್ಕಳು ಕಾಗದದಲ್ಲಿ, ಅಳತೆ ಹಿಡಿದು, ತಮ್ಮ ಕೈಯಿಂದಲೇ ಮಾಡಬೇಕು. ಬರೀ ನೌಕೆಯನ್ನಲ್ಲ, ಅದು ನಿಂತ ನೆಲ, ಅದರ ಮೇಲಿನ ಆಕಾಶ, ಅದರ ನೆರಳು ಎಲ್ಲವನ್ನೂ ಸೇರಿಸಿ ಒಂದು ದೃಶ್ಯವಾಗಿ ಮಾಡಬೇಕು. ಡಯೋರಾಮ ಎಂದು ಕರೆಯುವ ಇದನ್ನು ದೃಶ್ಯಪೆಟ್ಟಿಗೆ ಎನ್ನೋಣ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ರಾಗಿ ಪೈರು ಬೆಳೆಸಿ, ಕನ್ನಡಿ ಇಟ್ಟು ಕೆರೆ ಮಾಡಿ, ಊರೊಂದನ್ನು ಕಟ್ಟುವುದನ್ನು ಕಂಡವರಿಗೆ ಈ ಕಲೆ ಹೊಸದಲ್ಲ.

ಕಾಗದವೇ ಏಕೆ?

ಮೊದಲ ಕಾರಣ, ಎಲ್ಲರ ಕೈಗೂ ಎಟಕುತ್ತದೆ. 1969ರಲ್ಲಿ ಅಮೆರಿಕದವರು ಚಂದ್ರನ ಮೇಲೆ ಇಳಿದಾಗ ಅಲ್ಲಿನ ಗಲ್ಫ್ ಎಂಬ ತೈಲ ಕಂಪನಿ ತನ್ನ ಪೆಟ್ರೋಲ್ ಬಂಕುಗಳಲ್ಲಿ ಚಂದ್ರನೌಕೆಯ ರಟ್ಟಿನ ಮಾದರಿಯನ್ನು ಹಂಚಿತು. ಒಂದು ಹಾಳೆ, ಮಡಿಕೆಯ ಗೆರೆಗಳು, ಅಷ್ಟೆ. ಮನೆಗೆ ಒಯ್ದು ಮಕ್ಕಳು ಜೋಡಿಸಿದರು. ಮುಂದೆ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ ಗೆಲಿಲಿಯೋ, ಕ್ಯಾಸಿನಿ, ವಾಯೇಜರ್ ನೌಕೆಗಳ ಕಾಗದದ ಮಾದರಿಗಳನ್ನು ಯಾರು ಬೇಕಾದರೂ ಮುದ್ರಿಸಿ ಕತ್ತರಿಸಿಕೊಳ್ಳುವಂತೆ ಉಚಿತವಾಗಿ ಕೊಟ್ಟಿತು. ಶನಿಗ್ರಹದವರೆಗೆ ನೌಕೆ ಕಳಿಸುವವರಿಗೆ ಕಾಗದ ಕೀಳೆನಿಸಲಿಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯ. ಕಾಗದ ಸುಳ್ಳು ಹೇಳಲು ಬಿಡುವುದಿಲ್ಲ. ಥರ್ಮೋಕೋಲನ್ನು ಕೊರೆಯುವಾಗ ಅಳತೆ ತಪ್ಪಿದರೆ ಉಜ್ಜಿ ಸರಿಮಾಡಬಹುದು, ಮೇಲೆ ಬಣ್ಣ ಬಳಿದರೆ ಮುಚ್ಚಿಹೋಗುತ್ತದೆ. ಕಾಗದದ ಪೆಟ್ಟಿಗೆಯಲ್ಲಿ ಒಂದು ಅಂಚು ಎರಡು ಮಿಲಿಮೀಟರ್ ಹೆಚ್ಚಾದರೆ ಕೊನೆಯ ಮೂಲೆ ಕೂಡುವುದೇ ಇಲ್ಲ. ಮಗು ಹಿಂದಕ್ಕೆ ಹೋಗಿ ಎಲ್ಲಿ ಎಡವಿದೆ ಎಂದು ಹುಡುಕಲೇಬೇಕು. ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷ ನಮಗೆ ಡ್ರಾಯಿಂಗ್ ಬೋರ್ಡಿನ ಮೇಲೆ ಘನಾಕೃತಿಗಳನ್ನು ಬಿಡಿಸಿ ಹರಡುವುದನ್ನು ಕಲಿಸುತ್ತಿದ್ದರು. ಘನವನ್ನು ಬಿಚ್ಚಿದರೆ ಯಾವ ಹಾಳೆ, ಹಾಳೆಯನ್ನು ಮಡಿಚಿದರೆ ಯಾವ ಘನ ಎಂದು ಕಣ್ಣು ಮುಚ್ಚಿ ಕಾಣುವ ಶಕ್ತಿ ಅದು. ಹನ್ನೆರಡು ವರ್ಷದ ಮಗು ಕತ್ತರಿ ಹಿಡಿದು ಅದನ್ನೇ ಕಲಿಯಬಲ್ಲದು.

ನಮ್ಮ ಆರ್ಯಭಟ ಉಪಗ್ರಹದಿಂದಲೇ ಆರಂಭಿಸಬಹುದು. ಉಡುಪಿಯ ಬಳಿಯ ಆದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಅದನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ರಾಕೆಟ್ ಅದನ್ನು ಮೇಲೇರಿಸಿತು. ತೂಕ ಸುಮಾರು 360 ಕಿಲೋ. ದುಂಡಗೆ ಕಂಡರೂ ಅದು ಗೋಲವಲ್ಲ, 26 ಮುಖಗಳ ಘನ. ಮೇಲಿನ, ಕೆಳಗಿನ ಮುಖ ಬಿಟ್ಟು ಉಳಿದ 24ಕ್ಕೂ ಸೌರಕೋಶಗಳ ಹೊದಿಕೆ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ನಮ್ಮ ತಲೆಮಾರಿನವರೆಲ್ಲ ಕಂಡಿದ್ದೇವೆ. ಗೋಲ ಏಕೆ ಆಗಲಿಲ್ಲ? ಅಂದಿನ ಸೌರಕೋಶಗಳು ಚಪ್ಪಟೆ ಬಿಲ್ಲೆಗಳು, ಅವಕ್ಕೆ ಚಪ್ಪಟೆ ನೆಲೆ ಬೇಕು. ಎಲ್ಲ ದಿಕ್ಕಿಗೂ ಮುಖವಿದ್ದರೆ ತಿರುಗುವಾಗ ಯಾವುದಾದರೂ ಕೆಲವು ಸೂರ್ಯನ ಕಡೆ ಇದ್ದೇ ಇರುತ್ತವೆ. ಈ ವಿವರಣೆಯನ್ನು ಹಲಗೆಯ ಮೇಲೆ ಬರೆದರೆ ಮಗು ಮರೆಯುತ್ತದೆ. 26 ಮುಖಗಳನ್ನು ಒಂದೊಂದಾಗಿ ಮಡಿಚಿದ ಮಗು ಮರೆಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ವಿಕ್ರಮ್ ಲ್ಯಾಂಡರಿನ ಪೆಟ್ಟಿಗೆ 2 ಮೀಟರ್ ಉದ್ದ, 2 ಮೀಟರ್ ಅಗಲ, ಸುಮಾರು 1.17 ಮೀಟರ್ ಎತ್ತರ. ಇಪ್ಪತ್ತರಲ್ಲಿ ಒಂದು ಪಾಲು ತೆಗೆದುಕೊಂಡರೆ ಮಾದರಿಯಲ್ಲಿ 10 ಸೆಂ.ಮೀ., 10 ಸೆಂ.ಮೀ., 5.8 ಸೆಂ.ಮೀ. ಅದರೊಳಗಿಂದ ಇಳಿದ ಪ್ರಜ್ಞಾನ್ ರೋವರ್ 91.7 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ, ಸುಮಾರು 40 ಸೆಂ.ಮೀ. ಎತ್ತರ. ಮಾದರಿಯಲ್ಲಿ ಅದು ನಾಲ್ಕೂವರೆ ಸೆಂಟಿಮೀಟರ್ ಉದ್ದದ ಆರು ಚಕ್ರದ ಪುಟ್ಟ ಗಾಡಿ, ಉದ್ದದಲ್ಲಿ ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದಷ್ಟು. ಪಕ್ಕದಲ್ಲಿ 8 ಸೆಂ.ಮೀ. ಎತ್ತರದ ಒಂದು ಕಾಗದದ ಮನುಷ್ಯಾಕೃತಿ ನಿಲ್ಲಿಸಿ. ಚಂದ್ರನ ಮೇಲೆ ಅಂದು ಮನುಷ್ಯರಿರಲಿಲ್ಲ ನಿಜ, ಅದನ್ನು ಪೆಟ್ಟಿಗೆಯ ಹೊರಗೆ ಅಳತೆಗೋಲಾಗಿ ನಿಲ್ಲಿಸಿದರೆ ಸಾಕು. ಟಿ.ವಿ.ಯಲ್ಲಿ ಮನೆಯಷ್ಟು ದೊಡ್ಡದಾಗಿ ಕಂಡ ಯಂತ್ರ ನಿಜವಾಗಿ ಒಂದು ಮಂಚದಷ್ಟು ಅಗಲ, ಎದೆಯಷ್ಟು ಎತ್ತರ ಎಂಬುದು ಆಗ ತಿಳಿಯುತ್ತದೆ.

ತೂಕದ ಲೆಕ್ಕ ಇನ್ನೂ ಸೊಗಸು. ರೋವರನ್ನೂ ಇಂಧನವನ್ನೂ ಸೇರಿಸಿ ಉಡಾವಣೆಯ ದಿನ ವಿಕ್ರಮ್ ತೂಕ ಸುಮಾರು 1,750 ಕಿಲೋ. ಉದ್ದ, ಅಗಲ, ಎತ್ತರ ಮೂರೂ ಇಪ್ಪತ್ತರಲ್ಲಿ ಒಂದು ಪಾಲಾದಾಗ ಗಾತ್ರ 8,000ದಲ್ಲಿ ಒಂದು ಪಾಲಾಗುತ್ತದೆ. 1,750 ಕಿಲೋವನ್ನು 8,000ದಿಂದ ಭಾಗಿಸಿದರೆ 219 ಗ್ರಾಂ, ಪಾವು ಕಿಲೋಗಿಂತ ಸ್ವಲ್ಪ ಕಡಿಮೆ. ಮಗು ತನ್ನ ಮಾದರಿಯನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಲಿ. ಕಾಗದದ್ದು ಅದಕ್ಕಿಂತ ಎಷ್ಟೋ ಹಗುರ. ಏಕೆ ಎಂದು ಯೋಚಿಸಿದರೆ ಒಳಗಿನ ಇಂಧನದ ತೊಟ್ಟಿಗಳು, ಬ್ಯಾಟರಿ, ಉಪಕರಣಗಳ ನೆನಪಾಗುತ್ತದೆ. ಮಾದರಿ ಚಿಕ್ಕದಾದಾಗ ಉದ್ದ, ವಿಸ್ತೀರ್ಣ, ತೂಕ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ ಎಂಬುದು ಎಲ್ಲ ಇಂಜಿನಿಯರುಗಳು ಮೊದಲು ಕಲಿಯಬೇಕಾದ ಪಾಠ. ಕೃಷ್ಣರಾಜಸಾಗರದ ಬಳಿಯ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟು, ಕಾಲುವೆಗಳ ಚಿಕ್ಕ ಮಾದರಿಗಳಲ್ಲಿ ನೀರು ಹರಿಸಿ ಪರೀಕ್ಷಿಸುವವರೂ ಈ ನಿಯಮವನ್ನು ಹಿಡಿದೇ ಲೆಕ್ಕ ಮಾಡಬೇಕು.

ದೂರದ ಲೆಕ್ಕವನ್ನೂ ಸೇರಿಸಿ. ಪ್ರಜ್ಞಾನ್ ಚಂದ್ರನ ಮೇಲೆ ಕ್ರಮಿಸಿದ್ದು ಸುಮಾರು 100 ಮೀಟರ್. ಅದೇ ಪ್ರಮಾಣದಲ್ಲಿ 5 ಮೀಟರ್, ಒಂದು ತರಗತಿಯ ಕೋಣೆಯ ಉದ್ದ. ಭೂಮಿಯಿಂದ ಚಂದ್ರನಿಗೆ ಇರುವ ಸರಾಸರಿ ದೂರ 3,84,400 ಕಿ.ಮೀ. ಇಪ್ಪತ್ತರಲ್ಲಿ ಒಂದು ಪಾಲು ಮಾಡಿದರೂ 19,220 ಕಿ.ಮೀ., ನಿಜವಾದ ಭೂಮಿಯ ವ್ಯಾಸಕ್ಕಿಂತ ಹೆಚ್ಚು! ಭೂಮಿ, ಚಂದ್ರ, ನೌಕೆ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ‘ಇದು ಅಳತೆಗೆ ಸರಿಯಾದ ಮಾದರಿ’ ಎಂದು ಚೀಟಿ ಅಂಟಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ದೃಶ್ಯ ಎಂದರೆ ಅಲಂಕಾರವಲ್ಲ

ನೌಕೆಯನ್ನು ಮಾತ್ರ ಮಾಡಿ ನಿಲ್ಲಿಸಿದರೆ ಅರ್ಧ ಕೆಲಸ. ಅದನ್ನು ಒಂದು ಕ್ಷಣದೊಳಗೆ, ಒಂದು ಜಾಗದಲ್ಲಿ ನಿಲ್ಲಿಸಿದಾಗ ಜೀವ ಬರುತ್ತದೆ. ಜೀವ ಬರುವುದು ಬಣ್ಣದ ದೀಪದಿಂದಲ್ಲ, ಪ್ರಶ್ನೆಗಳಿಂದ. ಬೆಳಕು ಯಾವ ಕಡೆಯಿಂದ? ನೆರಳು ಎಷ್ಟು ಉದ್ದ? ಆಕಾಶದ ಬಣ್ಣ ಏನು? ಬಾವುಟ ಹಾರಬಹುದೇ? ಧೂಳು ಏಳಬಹುದೇ?

ನೆರಳನ್ನೇ ತೆಗೆದುಕೊಳ್ಳಿ. ವಿಕ್ರಮ್ ಇಳಿದದ್ದು ಚಂದ್ರನ ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 21 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಅಂದರೆ ಒಂದು ಅಡಿ ಕೋಲಿಗೆ ಎರಡೂವರೆ ಅಡಿಗೂ ಹೆಚ್ಚು ಉದ್ದದ ನೆರಳು. ಬೆಳಗಿನ ಹೊತ್ತು ಇನ್ನೂ ಉದ್ದ. ನಮ್ಮ ಬಂಗಾರಪೇಟೆ ಇರುವುದು 13 ಡಿಗ್ರಿ ಉತ್ತರದಲ್ಲಿ. ಹಗಲು ರಾತ್ರಿ ಸಮನಾಗುವ ಮಾರ್ಚ್ ಕೊನೆಯ ಆ ದಿನ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಒಂದು ಅಡಿ ಕೋಲು ನೆಟ್ಟರೆ ನೆರಳು ಮೂರು ಅಂಗುಲವೂ ಇಲ್ಲ. ಮಗು ಮೊದಲು ಅಂಗಳದ ನೆರಳನ್ನು ಅಳೆಯಲಿ, ಆಮೇಲೆ ಪೆಟ್ಟಿಗೆಯೊಳಗೆ ಒಂದೇ ಕಡೆಯಿಂದ, ಅಷ್ಟೇ ತಗ್ಗಿನಿಂದ ಟಾರ್ಚ್ ಬೆಳಕು ಬಿಡಲಿ. ಸಣ್ಣ ಕಲ್ಲುಗಳಿಗೂ ಉದ್ದ ನೆರಳು ಬಿದ್ದು ಕಾಗದದ ನೆಲ ಒಮ್ಮೆಗೇ ಚಂದ್ರನ ನೆಲವಾಗುತ್ತದೆ. ಯಾವ ಬಣ್ಣವೂ ಮಾಡದ ಕೆಲಸವನ್ನು ಆ ಒಂದು ಕೋನ ಮಾಡುತ್ತದೆ.

ಆಕಾಶ ಕಪ್ಪು, ಏಕೆಂದರೆ ಬೆಳಕನ್ನು ಚದುರಿಸುವ ಗಾಳಿಯಿಲ್ಲ. ಭೂಮಿಯನ್ನು ತೋರಿಸುವುದಾದರೆ ಉತ್ತರದ ಕಡೆ, ದಿಗಂತದಿಂದ ಬಹಳ ಮೇಲಲ್ಲದಂತೆ ತೂಗಬೇಕು. ಚಂದ್ರ ಸದಾ ಒಂದೇ ಮುಖವನ್ನು ನಮಗೆ ತೋರುವುದರಿಂದ ಅಲ್ಲಿ ನಿಂತವರಿಗೆ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇರುತ್ತದೆ. ಅಗಲದಲ್ಲಿ ನಮಗೆ ಕಾಣುವ ಚಂದ್ರನ ಸುಮಾರು ನಾಲ್ಕರಷ್ಟು. ಅರ್ಧ ಆಕಾಶ ತುಂಬುವ ನೀಲಿ ಗೋಲವನ್ನು ಬರೆಯುವ ಚಿತ್ರಗಳೆಲ್ಲ ಸಿನಿಮಾದ ಪ್ರಭಾವ.

ನೆಲದೊಳಗೂ ಒಂದು ಕಥೆಯಿದೆ. ವಿಕ್ರಮ್‌ನ ಒಂದು ಉಪಕರಣ ಚಂದ್ರನ ಮಣ್ಣಿನೊಳಗೆ ಸಲಾಕೆ ಇಳಿಸಿ ಉಷ್ಣತೆ ಅಳೆಯಿತು. ಮೇಲ್ಮೈಯಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಇದ್ದದ್ದು 8 ಸೆಂ.ಮೀ. ಕೆಳಗೆ ಶೂನ್ಯಕ್ಕಿಂತ ಸುಮಾರು 10 ಡಿಗ್ರಿ ಕಡಿಮೆ. ಮಾದರಿಯ ಅಳತೆಯಲ್ಲಿ ಅದು 4 ಮಿಲಿಮೀಟರ್, ಹತ್ತು ಹನ್ನೆರಡು ಆಮಂತ್ರಣ ಪತ್ರಿಕೆಗಳನ್ನು ಒತ್ತಿ ಜೋಡಿಸಿದಷ್ಟು ದಪ್ಪ. ಪೆಟ್ಟಿಗೆಯ ಮುಂಬದಿಯಲ್ಲಿ ನೆಲವನ್ನು ಸೀಳಿ ತೋರಿಸಿ ಕೆಂಪಿನಿಂದ ನೀಲಿಗೆ ಬಣ್ಣ ಇಳಿಸಿದರೆ ನೋಡಿದವರೆಲ್ಲ ನಿಂತು ಓದುತ್ತಾರೆ.

ಹೊಳೆಯುವ ಹೊದಿಕೆಯ ಬಗ್ಗೆ ಚಿನ್ನದ ಊರಿನ ಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಲ್ಯಾಂಡರಿನ ಮೈಗೆ ಸುತ್ತಿದ್ದು ಚಿನ್ನದ ತಗಡಲ್ಲ. ತೆಳ್ಳಗಿನ ಪಾಲಿಇಮೈಡ್ ಎಂಬ ಹಳದಿ ಹಾಳೆ, ಹಿಂಬದಿಗೆ ಅಲ್ಯೂಮಿನಿಯಂ ಲೇಪ. ಅಂಥ ಹಲವು ಪದರಗಳು ಒಂದರ ಮೇಲೊಂದು ಸಡಿಲವಾಗಿ ಕೂತು ಬಿಸಿ ಮತ್ತು ಚಳಿ ಎರಡನ್ನೂ ತಡೆಯುತ್ತವೆ. ಸಿಹಿತಿಂಡಿ ಪೆಟ್ಟಿಗೆಯೊಳಗಿನ ಹೊಳೆಯುವ ಕಾಗದವನ್ನು ಮುದುಡಿ ಬಿಡಿಸಿ ಅಂಟಿಸಿದರೆ ಹಾಗೇ ಕಾಣುತ್ತದೆ. ಹೊಳೆಯುವುದೆಲ್ಲ ಬಂಗಾರವಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ನೆಲ ಮಾಡಲು ಮಣ್ಣು ಎಲ್ಲಿಂದ? ಇಸ್ರೋದವರೇ ಚಂದ್ರನ ಮಣ್ಣನ್ನು ಹೋಲುವ ಪುಡಿಯನ್ನು ತಮಿಳುನಾಡಿನ ಸಿತ್ತಂಪೂಂಡಿ ಮುಂತಾದ ಕಡೆಯ ಅನಾರ್ಥೋಸೈಟ್ ಎಂಬ ಕಲ್ಲಿನಿಂದ ಮಾಡಿಸಿ, ಬೆಂಗಳೂರಿನಲ್ಲಿ ಹರಡಿ ಪರೀಕ್ಷೆ ನಡೆಸಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನೇ ತೋಡಿದರು. ಅವು ದೊಡ್ಡ ದೃಶ್ಯಪೆಟ್ಟಿಗೆಗಳೇ ಅಲ್ಲವೆ? ನಮ್ಮ ಮಕ್ಕಳಿಗೆ ಹಳೆಯ ಪತ್ರಿಕೆ ನೆನೆಸಿ ಕುಟ್ಟಿದ ತಿರುಳು, ಮೈದಾ ಅಂಟು, ಮೇಲೆ ಉದುರಿಸಲು ಒಲೆಯ ಬೂದಿ ಸಾಕು. ಆದರೆ ಒಂದು ಎಚ್ಚರಿಕೆ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ಚಂದ್ರನ ನೆಲದಂತೆ ಕಾಣುತ್ತವೆಂದು ಅಲ್ಲಿನ ಪುಡಿಯನ್ನು ಯಾರೂ ತರಬಾರದು. ಅದು ರಾಸಾಯನಿಕದಲ್ಲಿ ಮಿಂದ ಕಲ್ಲಿನ ನುಣುಪು ಧೂಳು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಗಣಿ ಕಾರ್ಮಿಕರ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ.

ಕೈ ಮರೆತ ಊರು

ಇಷ್ಟಕ್ಕೂ ಇದು ಬರೀ ಮಕ್ಕಳ ಆಟದ ವಿಷಯವಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನೂರಿಪ್ಪತ್ತು ವರ್ಷಗಳ ಕಾಲ ಈ ಊರು ಕೈಗೆ ಹೆಸರಾಗಿತ್ತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿಯಲ್ಲಿ ಮರದ ಆಸರೆ ಕಟ್ಟುವವರು, ಪಂಜರ ಇಳಿಸುವ ಯಂತ್ರ ನಡೆಸುವವರು, ಫಿಟ್ಟರುಗಳು, ಕಮ್ಮಾರರು, ಸರ್ವೇಯರುಗಳು ಇದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು ಈ ಗಣಿಗೆ. ಅಂಥ ಕೈಗಳ ಮೊಮ್ಮಕ್ಕಳು ಇಂದು ಬೆಳಗಿನ ರೈಲು ಹಿಡಿದು, ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ ದಾಟಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ರಾತ್ರಿ ಮರಳುತ್ತಾರೆ. ಅಜ್ಜನ ಕೈಯ ಅರಿವು ಮೊಮ್ಮಗನ ಕೈಗೆ ಇಳಿಯಲು ಸಮಯವೇ ಇಲ್ಲ. ಒಂದು ಗಣಿ ಮುಚ್ಚಿದರೆ ಸರ್ಕಾರ ಲೆಕ್ಕ ಹಾಕುವುದು ಉಳಿದ ಚಿನ್ನವನ್ನು. ಕಳೆದುಹೋಗುವ ಕೈಚಳಕಕ್ಕೆ ಲೆಕ್ಕದ ಪುಸ್ತಕವಿಲ್ಲ.

ಈ ಊರಿಗೂ ಆಕಾಶಕ್ಕೂ ನಂಟಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ. ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1951ರಲ್ಲಿ ಇಲ್ಲಿನ ಗಣಿಯಲ್ಲಿ ಕಾಸ್ಮಿಕ್ ಕಿರಣಗಳ ಪ್ರಯೋಗ ಆರಂಭಿಸಿದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣಗಳ ಗುರುತನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಅದು ಸಾಧ್ಯವಾಯಿತು. ಜಗತ್ತಿನಲ್ಲಿ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಉಳಿದ ಕಣಗಳನ್ನೆಲ್ಲ ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಒಂದೇ ತೂರಿ ಬರುತ್ತದೆ. ಆದ್ದರಿಂದ ಆಕಾಶವನ್ನು ತಿಳಿಯಲು ಪಾತಾಳಕ್ಕೆ ಇಳಿಯಬೇಕಾಯಿತು. ಆ ಉಪಕರಣಗಳೆಲ್ಲ ಕೆಳಗಿಳಿದದ್ದು ಗಣಿ ಕಾರ್ಮಿಕರು ದಿನವೂ ಬಳಸಿದ ಹಾದಿಯಲ್ಲೇ. ಮೇಲೆ ನಕ್ಷತ್ರಗಳು, ನಡುವೆ ಎರಡು ಕಿಲೋಮೀಟರ್ ಬಂಡೆ, ತಳದಲ್ಲಿ ಒಂದು ಪುಟ್ಟ ಕೋಣೆ: ಇದಕ್ಕಿಂತ ಚೆಲುವಾದ ದೃಶ್ಯಪೆಟ್ಟಿಗೆಗೆ ವಸ್ತು ಯಾವ ಊರಿಗಿದೆ?

ಇನ್ನೊಂದು ದೃಶ್ಯವೂ ನಮ್ಮ ನಾಡಿನದೇ. 1981ರ ಜೂನ್ 19ರಂದು ಹಾರಿದ ಆ್ಯಪಲ್ ಸಂಪರ್ಕ ಉಪಗ್ರಹವನ್ನು ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲೆ ಕೂರಿಸಿದ ಚಿತ್ರ ಜಗತ್ಪ್ರಸಿದ್ಧ. ಹಲವರು ಅದನ್ನು ಬಡತನದ ಗುರುತೆಂದು ತಿಳಿದಿದ್ದಾರೆ. ನಿಜಾಂಶ ಬೇರೆ. ಆಂಟೆನಾ ಪರೀಕ್ಷೆಗೆ ಲೋಹದ ಕಾಟವಿಲ್ಲದ ನೆಲೆ ಬೇಕಿತ್ತು. ಮರದ ಗಾಡಿ ಅದಕ್ಕೆ ಒದಗಿತು. ಅದು ಕೊರತೆಯಲ್ಲ, ಜಾಣ್ಮೆ. ಕಾಗದದಲ್ಲಿ ಆ ಗಾಡಿ, ಆ ಎತ್ತು, ಅದರ ಮೇಲಿನ ಉಪಗ್ರಹವನ್ನು ಮಾಡಿದ ಮಗುವಿಗೆ ತನ್ನ ಊರಿನ ಬಡಗಿಯೂ ಬಾಹ್ಯಾಕಾಶ ವಿಜ್ಞಾನಿಯೂ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಬ್ಯಾಲಾಳಿನ 32 ಮೀಟರ್ ಆಂಟೆನಾವನ್ನು 200ರಲ್ಲಿ ಒಂದು ಪಾಲು ಮಾಡಿದರೆ 16 ಸೆಂ.ಮೀ. ಬಂಗಾರಪೇಟೆಯ ಪಾನಿಪುರಿ ಅಂಗಡಿಯ ಕಾಗದದ ತಟ್ಟೆ ಅದಕ್ಕೆ ಹತ್ತಿರ ಬರುತ್ತದೆ!

ಕೈಯ ಕೆಲಸ ಕೀಳು, ಬರೀ ಓದು ಮೇಲು ಎಂಬ ಭಾವನೆ ನಮ್ಮ ಸಮಾಜವನ್ನು ಇಂದಿಗೂ ಬಿಟ್ಟಿಲ್ಲ. ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವರನ್ನು ಅವರ ಕಾಯಕದ ಹೆಸರಿನಿಂದಲೇ ಕರೆದು ಗೌರವಿಸುವ ನಾವು, ನಮ್ಮ ಶಾಲೆಗಳಲ್ಲಿ ಕತ್ತರಿ, ಅಂಟು, ಅಳತೆಪಟ್ಟಿಯನ್ನು ಹಿಂದಿನ ಬೆಂಚಿಗೆ ತಳ್ಳಿದ್ದೇವೆ. ಬಿದಿರನ್ನು ಸೀಳಿ ಬುಟ್ಟಿ ಹೆಣೆದ ಕೈಗೂ ಉಪಗ್ರಹದ ಹೊದಿಕೆಯನ್ನು ಹೊಲಿಯುವ ಕೈಗೂ ಬೇಕಾದದ್ದು ಅದೇ ತಾಳ್ಮೆ.

ಆಕ್ಷೇಪಗಳಿಗೆ ಉತ್ತರ

ಮೊಬೈಲ್ ಪರದೆಯಲ್ಲಿ ಎಲ್ಲವನ್ನೂ ಇನ್ನೂ ಚೆನ್ನಾಗಿ ನೋಡಬಹುದಲ್ಲ ಎನ್ನುತ್ತಾರೆ. ನೋಡಬಹುದು, ನೋಡಲಿ. ಆದರೆ ಪರದೆಯ ವಿಕ್ರಮ್‌ನ ಹಿಂಬದಿ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕಾಗದದಲ್ಲಿ ಮಾಡುವವನಿಗೆ ಹಿಂಬದಿಯನ್ನೂ ಮಾಡದೆ ವಿಧಿಯಿಲ್ಲ. ಪರೀಕ್ಷೆಗೆ ಅಡ್ಡಿ ಎನ್ನುವ ಪೋಷಕರಿಗೆ ಹೇಳುವುದು ಇಷ್ಟು: ಅನುಪಾತ, ಘನಫಲ, ಕೋನ, ತ್ರಿಕೋನಮಿತಿ ಇವೆಲ್ಲ ಪಠ್ಯದಲ್ಲೇ ಇವೆ. ಪುಸ್ತಕದಲ್ಲಿ ಅರ್ಥವಾಗದ ಅಧ್ಯಾಯವನ್ನು ಈ ಕೆಲಸ ಬಿಡಿಸಿಕೊಡುತ್ತದೆ. ಸಿದ್ಧ ಪೆಟ್ಟಿಗೆಗಳೆಲ್ಲ ಕೆಟ್ಟವೆಂದು ನಾನು ಹೇಳುವುದಿಲ್ಲ. ವಿದ್ಯುನ್ಮಂಡಲ ಕಲಿಯಲು ಅವು ಬೇಕು. ಆದರೆ ಅವನ್ನು ಕೊಂಡದ್ದಕ್ಕೆ ಬಹುಮಾನ ಕೊಡಬೇಡಿ. ಇನ್ನು ಕಾಗದ ಬೇಗ ಹಾಳಾಗುತ್ತದೆ ಎಂಬುದು. ಹಾಳಾಗಲಿ. ಚಂದ್ರನ ಮೇಲೆ ವಿಕ್ರಮ್, ಪ್ರಜ್ಞಾನ್ ಕೆಲಸ ಮಾಡಿದ್ದೂ ಎರಡು ವಾರ ತುಂಬುವವರೆಗಲ್ಲ. ಪ್ರಜ್ಞಾನ್ ಸೆಪ್ಟೆಂಬರ್ 2ರಂದು, ವಿಕ್ರಮ್ 4ರಂದು ನಿದ್ರೆಗೆ ಹೋದವು, ಮತ್ತೆ ಏಳಲಿಲ್ಲ. ಅಳೆದದ್ದು, ಕಲಿತದ್ದು ಉಳಿದಿದೆ.

ಮಠಗಳಿಗೆ, ಶಾಲೆಗಳಿಗೆ ನನ್ನ ಬಿನ್ನಹ

ಮುಂದಿನ ಆಗಸ್ಟ್ 23ಕ್ಕೆ ನಾಲ್ಕು ನಿಯಮ ಮಾಡೋಣ. ಒಂದು, ಮಾದರಿಯ ವೆಚ್ಚ 100 ರೂಪಾಯಿ ಮೀರಬಾರದು, ಕೊಂಡ ಸಿದ್ಧ ಭಾಗಗಳು ಇರಬಾರದು. ಎರಡು, ಪಕ್ಕದಲ್ಲಿ ಒಂದು ಅಳತೆಯ ಹಾಳೆ ಇರಬೇಕು. ನಿಜವಾದ ಅಳತೆ, ಪ್ರಮಾಣ, ಮಾದರಿಯ ಅಳತೆ ಮೂರೂ ಮಗುವಿನ ಕೈಬರಹದಲ್ಲಿ. ಮೂರು, ನೂರು ಅಂಕಗಳಲ್ಲಿ 40 ಅಳತೆಗೆ, 30 ದೃಶ್ಯದ ಸತ್ಯಕ್ಕೆ, ಅಂದರೆ ಬೆಳಕು, ನೆರಳು, ಆಕಾಶಕ್ಕೆ, 20 ಕೈಕೆಲಸದ ಅಚ್ಚುಕಟ್ಟಿಗೆ, 10 ವಿವರಣೆಗೆ. ದೀಪ ಮಿನುಗಿದರೆ ಅಂಕವಿಲ್ಲ. ನಾಲ್ಕು, ತೀರ್ಪುಗಾರರಲ್ಲಿ ಒಬ್ಬರು ಕೈಕೆಲಸ ಬಲ್ಲವರಾಗಿರಬೇಕು. ನಿವೃತ್ತ ಫಿಟ್ಟರ್, ಬಡಗಿ, ದರ್ಜಿ, ಯಾರಾದರೂ ಸರಿ. ಕೆ.ಜಿ.ಎಫ್.ನ ಗಣಿ ಕಾಲೋನಿಗಳಲ್ಲಿ ಅಂಥ ಹಿರಿಯರು ಇನ್ನೂ ಇದ್ದಾರೆ. ಅವರು ತಮಿಳೋ ತೆಲುಗೋ ಉರ್ದುವೋ ಮಾತನಾಡಬಹುದು. ಮಡಿಕೆಯ ಗೆರೆಗೆ ಭಾಷೆಯಿಲ್ಲ.

ಆರಂಭಿಸುವವರಿಗೆ ಎರಡು ಕಿವಿಮಾತು. ಕಾಗದಕ್ಕೂ ಮರದಂತೆ ನಾರಿನ ದಿಕ್ಕಿದೆ. ಎರಡೂ ಕಡೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ದಿಕ್ಕಿನಲ್ಲಿ ಉದ್ದ ಮಡಿಕೆಗಳು ಬರುವಂತೆ ಹಾಳೆ ಇಟ್ಟುಕೊಳ್ಳಿ. ಮಡಿಚುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಅಳತೆಪಟ್ಟಿ ಹಿಡಿದು ಗೆರೆ ಒತ್ತಿ. ಅಂಟನ್ನು ಬೆರಳಿನಿಂದಲ್ಲ, ಕಡ್ಡಿಯ ತುದಿಯಿಂದ ತೆಳ್ಳಗೆ ಹಚ್ಚಿ. ಉಳಿದುದನ್ನು ಕಾಗದವೇ ಕಲಿಸುತ್ತದೆ.

ಮನೆಮನೆಯಲ್ಲೂ ಮುಗಿದ ಮದುವೆಗಳ ಆಮಂತ್ರಣಗಳು, ಕಳೆದ ವರ್ಷದ ಕ್ಯಾಲೆಂಡರುಗಳು ಕಟ್ಟಾಗಿ ಬಿದ್ದಿವೆ. ಪ್ರತಿ ಪ್ರಸಾದ ನಿಲಯದಲ್ಲಿ ಅವಕ್ಕೊಂದು ಪೆಟ್ಟಿಗೆ, ನಾಲ್ಕು ಕತ್ತರಿ, ನಾಲ್ಕು ಅಳತೆಪಟ್ಟಿ, ಭಾನುವಾರ ಎರಡು ಗಂಟೆ ಬಿಡುವು ಕೊಟ್ಟರೆ ಸಾಕು. ಇಷ್ಟನ್ನು ಏರ್ಪಡಿಸಲು ಯಾವ ದಾನಿಯನ್ನೂ ಕಾಯಬೇಕಾಗಿಲ್ಲ.